ಮುಂಗಡ ನಮಸ್ಕಾರ

ಕೊಪ್ಪಳ
೧೨ ಅಕ್ಟೋಬರ್ ೧೯೩೯

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಸೀಮೆಯ ಸಮಸ್ತ ಚೆಂಡುಪ್ರಿಯ ಮಹಾಜನಗಳೇ!

ಸಭೆಗೆ ಬಂದವಳು ನೀನೊಬ್ಬಳೇ ಆದ್ದರಿಂದ, ದುರಗಮ್ಮಕ್ಕಾ, ಮುಂದೆ ಬಂದು ಕೂಡು. ನಿನ್ನ ತಮ್ಮನ ನಮಸ್ಕಾರಗಳು. ಉತ್ತರ ತಡವಾಯಿತು, ನಾನು ನಿಮ್ಮೂರು ತಳಕಲ್ಲಿಗೆ ಬಂದಾಗ ಒಟ್ಟಿಗೇ ಬೈದುಬಿಡು.

‘ಮಂದಿನ್ನ ಒದಿಯೋ ಆಟ ಪಾಪದ್ದು, ಐತವಾರದ ಆಟಕ್ಕ ನನ್ನ ಮಗನ್ನ ಕಳಸಂಗಿಲ್ಲ’ ಎಂದು ಹೇಳಿಕಳಿಸಿದ್ದೀ. ಕನಕಪ್ಪನಿಲ್ಲದಿದ್ದರೆ ನಮ್ಮದು ತಂಡವಲ್ಲ, ದಂಡ.

ನಮ್ಮ ಮ್ಯಾನೇಜರ್ ಎಂಥವನೆಂದು ಕೇಳು. ಹೆಸರು ವಾಕ್ಲಾವ್, ನಮ್ಮ ನಾಲಗೆಗೆ ವಾಸಪ್ಪ. ಎಣ್ಣೆಗಿರಣಿಯ ಯಂತ್ರ ಕೂಡಿಸಲು ಬಂದ ಚೆಕ್ ದೇಶದವ. ಅಲ್ಲಿ ಮೂರು ಫುಟ್‌ಬಾಲ್ ತಂಡ ನಡೆಸಿದ್ದ. ಮೊದಲನೇ ಊರಲ್ಲಿ ಹಾರ. ಧಣಿಯ ಅಳಿಯನನ್ನು ಆಟಕ್ಕಿಳಿಸದ ತಪ್ಪಿಗೆ ಎರಡನೆಯದರಲ್ಲಿ ಭಾರ. ಮೂರನೆಯದರಲ್ಲೂ ಅದೇ ಹಟ, ಊರಿಂದಲೇ ದೂರ. ‘ಒಮ್ಮೆರ ಬಗ್ಗಬೇಕಿಲ್ಲೋ?’ ಎಂದರೆ, ‘ಬೆನ್ನು ಬಗ್ಗಂಗಿಲ್ರಿ ಮಾಸ್ತರ, ಗಟ್ಟಿ ಐತಿ’ ಅನ್ನುತ್ತಾನೆ, ನಮ್ಮ ಮಾತಿನಲ್ಲೇ.

ಬೇಸಿಗೆಯಲ್ಲಿ ಗಂಗಾವತಿಯವರ ಮೇಲೆ ಆಡುವಾಗ ನಿನ್ನ ಮಗನ ಕಾಲು ಎದುರಾಳಿಗೆ ತಾಗಿತು. ನೀನು ಕಲಿಸಿದಂತೆ ಅಲ್ಲೇ ನಿಂತು, ಆ ಮನುಷ್ಯನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅಷ್ಟರಲ್ಲಿ ಚೆಂಡು ನಮ್ಮ ಗೋಲಿನೊಳಗೆ. ಸೋತೆವು. ಮಂದಿ ನಕ್ಕರು, ನಾನು ಬೈದೆ. ವಾಸಪ್ಪ ಬೈಯಲಿಲ್ಲ. ‘ಹುಡುಗನ ಮರ್ಯಾದಿ ಬಿಡಸಬ್ಯಾಡ್ರಿ. ಅದನ್ನ ಮೊದಲ ಮಾಡಸ್ರಿ’ ಎಂದ.

ಅಂದಿನಿಂದ ಆಟಕ್ಕೆ ಮುಂಚೆ ನಮ್ಮವರು ಎದುರಾಳಿಗಳನ್ನೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮುಂಗಡ ನಮಸ್ಕಾರ! ಆಮೇಲೆ ಎಷ್ಟು ಒದ್ದರೂ ಪಾಪವಿಲ್ಲ. ಕುಷ್ಟಗಿಯವರನ್ನು ಹಾಗೇ ಮುಟ್ಟಿದೆವು, ಹಾಗೇ ಮಣಿಸಿದೆವು.

ಗಿರಣಿಯ ಧಣಿ ನನ್ನನ್ನು ಕರೆಸಿ, ‘ಲಡಾಯಿ ದಿನದಾಗ ಆ ಪರದೇಶಿ ಕೂಡ ಚೆಂಡಾಟ ಯಾಕ್ರಿ? ಬಂದ್ ಮಾಡ್ರಿ’ ಎಂದ. ‘ಐತವಾರ ಗಂಗಾವತಿಗೆ ಹೋಗಾವ್ರ ನಾವು. ನೀವೂ ಬರ್ರಿ, ನಿಮಗೂ ಒಂದು ನಮಸ್ಕಾರ ಮಾಡಸ್ತೀನಿ’ ಎಂದು ಎದ್ದು ಬಂದೆ.

ಮಕ್ಕಳಿಗೆ ಆಶೀರ್ವಾದ. ನಿನ್ನ ಹಟ ನನಗಿರಲಿ, ನನ್ನ ಆಯುಷ್ಯ ನಿನಗಿರಲಿ.

ನಿನ್ನ ತಮ್ಮ,
ಉಮಾಪತಿ

ತಾ.ಕ.: ವಾಸಪ್ಪ ‘ಅನ್ನುತ್ತಾನೆ’ ಎಂದು ಬರೆದೆನಲ್ಲ, ಸುಳ್ಳು. ಅವನಿಲ್ಲಿಲ್ಲ. ಸೋಮವಾರ ಪೊಲೀಸರು ಒಯ್ದರು. ಅವನ ದೇಶವನ್ನು ಜರ್ಮನಿ ನುಂಗಿದೆ. ಆದ್ದರಿಂದ ಅವನೂ ಜರ್ಮನಿಯವನಂತೆ, ವೈರಿಯಂತೆ. ಅಲ್ಲವೆಂದು ನಾನು ಎಷ್ಟು ಕೂಗಿದರೂ ಯಾರೂ ಕೇಳಲಿಲ್ಲ. ಮೋಟಾರು ಹತ್ತುವ ಮುಂಚೆ ಅವನು ತನ್ನ ಸೀಟಿಯನ್ನು ನನ್ನ ಕೈಗಿಟ್ಟ. ಆಮೇಲೆ ಆ ಪೊಲೀಸರನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಹೆದರಿದ್ದಾನೆಂದು ಅವರು ನಕ್ಕರು.

ಅಕ್ಕಾ, ನನಗೆ ಈ ಆಟ ಬರುವುದಿಲ್ಲ. ಕನಕಪ್ಪನನ್ನು ಕಳಿಸು.