ಐಸಿನ ಮೇಲೆ ಹಿಡಿಸೂಡಿ

ದೋಹಾ ಅಲ್ ಜದೀದಾ
ಶನಿವಾರ, ೧೫ ನವೆಂಬರ್ ೨೦೨೫

ಅಮ್ಮಾ,

ನಿನಗೂ ಅಜ್ಜಿಗೂ ಇಲ್ಲಿಂದಲೇ ಜೈ ಭೀಮ್.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕುತ್ತೀ. ಪಕ್ಕದಲ್ಲಿ ಅಜ್ಜಿ ಕೂತು ಊಟ ಆಯ್ತಾ, ಊಟ ಆಯ್ತಾ ಎಂದು ನಾಲ್ಕು ಸಲ ಕೇಳುತ್ತಾಳೆ. ಅಷ್ಟರಲ್ಲಿ ನನಗೆ ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ನನಗೆ ಕೋಣೆ ಕೊಟ್ಟಿರುವ ಲೊರ್ನಾ ಆಂಟಿ ನಾಳೆ ಮಂಗಳೂರಿಗೆ ಹೊರಟಿದ್ದಾರೆ. ಅವರ ಚೀಲದಲ್ಲಿ ಖರ್ಜೂರದ ಡಬ್ಬಿಯ ಕೆಳಗೆ ಇದು ಬರುತ್ತದೆ. ಅಪ್ಪನ ಕೈಲಿ ಕೊಡಲಿಲ್ಲ. ಅಪ್ಪ ಒಡೆದು ಓದುತ್ತಾನೆ.

ವಿಷಯಕ್ಕೆ ಬರುತ್ತೇನೆ. ನಾನೊಂದು ಮನವಿ ಪತ್ರ ಬರೆದೆ. ನೀನು ಕಲಿಸಿದ ಹಾಗೆಯೇ ಬರೆದೆ: ಮೊದಲು ಸಂಗತಿ, ಆಮೇಲೆ ಸಿಟ್ಟು, ಕೊನೆಗೆ ಬೇಡಿಕೆ. ಅದರಿಂದ ಒಬ್ಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಒಬ್ಬ ಗಂಡಸಿನ ನಿದ್ದೆ ಹೋಯಿತು.

ನಮ್ಮ ಕಾಲೇಜಿನ ಐಸ್ ಹಾಕಿ ತಂಡದ ಪ್ರತಾಪ ನಿನಗೆ ಗೊತ್ತೇ ಉಂಟು. ಹೊರಗೆ ಮರಳು ಸುಡುತ್ತದೆ, ಮಾಲಿನ ಒಳಗೆ ನಾವು ಹೆಪ್ಪುಗಟ್ಟಿಸಿದ ನೀರಿನ ಮೇಲೆ ಜಾರುತ್ತೇವೆ. ಹುಡುಗರು ಸಾಲದೆ ಹುಡುಗಿಯರನ್ನೂ ಸೇರಿಸಿಕೊಂಡ ತಂಡ ಇದು, ಒಟ್ಟು ಹದಿನಾಲ್ಕು ಜನ. ಹೋದ ವರ್ಷ ಒಂಬತ್ತು ಪಂದ್ಯ ಆಡಿದೆವು, ಒಂಬತ್ತೂ ಸೋತೆವು. ನಾವು ಹೊಡೆದ ಗೋಲು ನಾಲ್ಕು. ಅದರಲ್ಲಿ ಒಂದನ್ನು ಎದುರಾಳಿಯೇ ತಪ್ಪಿ ತನ್ನ ಗೋಲಿಗೆ ಹೊಡೆದುಕೊಂಡದ್ದು. ನಾನು ಗೋಲಿ, ಎಂದರೆ ಗೋಲು ಕಾಯುವವಳು. ಕೆನಡಾದ ಹಳೆಯ ಕೋಚ್ ವರ್ಷದ ಮಧ್ಯದಲ್ಲೇ ಕೈ ತೊಳೆದುಕೊಂಡು ಹೋದರು. ಸೆಪ್ಟೆಂಬರಿನಲ್ಲಿ ಹೊಸಬಳು ಬಂದಳು. ಶಬ್ನಮ್. ಕಾರ್ಗಿಲ್ ಕಡೆಯವಳು, ಗಿಡ್ಡ ಆಳು, ಮುಂದಿನ ಹಲ್ಲೊಂದು ಅರ್ಧ ಮುರಿದಿದೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಊರ ಕೆರೆಯ ಮೇಲೆ ಆಡಿ ಕಲಿತವಳು.

ಮೊದಲ ದಿನ ನಾವು ಸ್ಕೇಟು ಕಟ್ಟಿಕೊಂಡು ನಿಂತರೆ, ಶಬ್ನಮ್ ಹಾಕಿ ಕೋಲೂ ಕೊಡಲಿಲ್ಲ, ನಾವು ಹೊಡೆದಾಡುವ ಆ ಕಪ್ಪು ರಬ್ಬರ್ ಬಿಲ್ಲೆಯನ್ನೂ ಕೊಡಲಿಲ್ಲ. ರಿಂಕಿನ ಗೋದಾಮಿನಿಂದ ಹದಿನಾಲ್ಕು ಹಿಡಿಸೂಡಿ ತಂದಳು. ಹೌದು ಅಮ್ಮಾ, ಹಿಡಿಸೂಡಿ. ಉದ್ದ ಹಿಡಿಯ, ಅಗಲ ಬಾಯಿಯ ಪೊರಕೆ. ಯಂತ್ರ ಬಂದು ಐಸಿನ ನಡುಭಾಗವನ್ನು ನಯ ಮಾಡುತ್ತದೆ, ಆದರೆ ಅಂಚಿನಲ್ಲಿ, ಗೋಲಿನ ಎದುರಲ್ಲಿ ಹಿಮದ ಪುಡಿ ಉಳಿಯುತ್ತದೆ, ಅದನ್ನು ಕೈಯಲ್ಲೇ ಗುಡಿಸಬೇಕು. ಅವಳು ಹಿಂದಿಯಲ್ಲಿ ಹೇಳಿದ್ದು ಇಷ್ಟು: ನಮ್ಮ ಕೆರೆಯಲ್ಲಿ ಗುಡಿಸಿದವರೇ ಆಡುವುದು, ಗುಡಿಸದವರಿಗೆ ಐಸಿನ ಮೇಲೆ ಜಾಗವಿಲ್ಲ, ಯಲ್ಲಾ, ಶುರು ಮಾಡಿ.

ನಮ್ಮ ಕ್ಯಾಪ್ಟನ್ ಡಿಲನ್ ಇಲ್ಲೇ ಹುಟ್ಟಿದ ಮಂಗಳೂರಿಗ. ಮೇಡಂ, ಮನೆಯಲ್ಲಿ ನಾನು ತಿಂದ ಪ್ಲೇಟು ಕೂಡ ಎತ್ತುವುದಿಲ್ಲ, ಮಮ್ಮಿ ನೋಡಿದರೆ ಹಾರ್ಟ್ ಅಟ್ಯಾಕ್ ಆದೀತು ಎಂದ. ಎಲ್ಲರೂ ನಕ್ಕರು. ನಗುತ್ತಾ ಗೊಣಗುತ್ತಾ ತೆಗೆದುಕೊಂಡರು. ನಾನು ಕೈ ಚಾಚಲಿಲ್ಲ.

ಅಜ್ಜಿ ನಗರಸಭೆಯ ಕೆಲಸದಿಂದ ನಿವೃತ್ತಿಯಾದ ದಿನ ನಿನಗೆ ನೆನಪಿದೆಯಲ್ಲ. ಮೂವತ್ತೊಂದು ವರ್ಷ ಪೇಟೆ ಗುಡಿಸಿದ ಹಿಡಿಸೂಡಿಯನ್ನು ಮನೆಗೆ ತಂದು, ಮೊಣಕಾಲಿಗೆ ಇಟ್ಟು ಹಿಡಿ ಮುರಿದು, ಬಚ್ಚಲ ಒಲೆಗೆ ತುರುಕಿದಳು. ಈ ಹುಡುಗಿಯ ಕೈಗೆ ಇದು ಬರಕೂಡದು ಎಂದಳು. ಅಂದಿನಿಂದ ಮನೆಯಲ್ಲಿ ಗುಡಿಸುವುದು ಅಪ್ಪ, ಅವನು ಕತಾರಿಗೆ ಬಂದ ಮೇಲೆ ಅಣ್ಣ ಶರಣ್. ದುಗ್ಗು ಅಜ್ಜಿಯ ಮನೆಯಲ್ಲಿ ಗಂಡಸರು ಗುಡಿಸುತ್ತಾರೆ ಎಂದು ಕೇರಿಯೇ ನಕ್ಕರೂ ಅಜ್ಜಿ ಜಗ್ಗಲಿಲ್ಲ.

ನಾನು ಶಬ್ನಮ್‌ಗೆ ಹೇಳಿದೆ: ನನ್ನ ಅಜ್ಜಿ ಮೂವತ್ತೊಂದು ವರ್ಷ ಗುಡಿಸಿದ್ದಾಳೆ. ನನ್ನ ಪಾಲಿನದನ್ನೂ ಅವಳೇ ಗುಡಿಸಿ ಮುಗಿಸಿದ್ದಾಳೆ. ಖಲಾಸ್.

ರೂಲು ಎಲ್ಲರಿಗೂ ಒಂದೇ ಎಂದಳು. ರೂಲು ಒಂದೇ ಇರಬಹುದು, ಎಲ್ಲರ ಅಜ್ಜಿಯಂದಿರು ಒಂದೇ ಅಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ತಾಳ್ಮೆ ನನಗಿರಲಿಲ್ಲ. ಹಾಗಾದರೆ ಹೊರಗೆ ಕೂರು ಎಂದಳು. ಹೊರಗೆ ಕೂರು! ಈ ಮಾತನ್ನು ನಮಗೆ ಯಾರಾದರೂ ಹೊಸದಾಗಿ ಕಲಿಸಬೇಕಾ?

ಮೂರು ವಾರ ಬೆಂಚಿನ ಮೇಲೆ ಕೂತೆ. ಮೊದಲ ಪಂದ್ಯದಲ್ಲಿ ನನ್ನ ಜಾಗಕ್ಕೆ ಬ್ರಯನ್ ಎಂಬ ಹುಡುಗನನ್ನು ನಿಲ್ಲಿಸಿದರು. ಅವನು ಬಿಲ್ಲೆ ಬಂದರೆ ಕಣ್ಣು ಮುಚ್ಚುತ್ತಾನೆ. ಹನ್ನೊಂದು, ಸೊನ್ನೆ. ಒಳಗೊಳಗೇ ಖುಷಿಯಾಯಿತು. ಮುಚ್ಚಿಡುವುದಿಲ್ಲ.

ಇನ್ನೊಂದನ್ನು ಎರಡು ವರ್ಷದಿಂದ ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ. ಇಲ್ಲಿ ಯಾರಾದರೂ ನೀವು ಯಾವ ಜನ ಎಂದು ಕೇಳಿದರೆ ನಾನು ತುಳುವರು ಎನ್ನುತ್ತಿದ್ದೆ. ಅದಕ್ಕಿಂತ ಮುಂದೆ ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ನೀಲಿ ಬಾವುಟ ಹಿಡಿದು ನಿನ್ನ ಸೊಂಟದೆತ್ತರಕ್ಕೆ ನಡೆದ ಹುಡುಗಿ ದೋಹಾಕ್ಕೆ ಬಂದು ಬಾಯಿ ಹೊಲಿದುಕೊಂಡಿದ್ದಳು. ಆ ಹಿಡಿಸೂಡಿ ಎದುರಿಗೆ ಬಂದಾಗಲೇ ಹೊಲಿಗೆ ಬಿಚ್ಚಿದ್ದು. ಅಂದು ಹದಿಮೂರು ಜನರ ಎದುರು ನಾನು ಯಾರ ಮೊಮ್ಮಗಳು ಎಂದು ಕೂಗಿ ಹೇಳಿದೆ.

ಆಮೇಲೆ ಮನವಿ ಬರೆದೆ. ತಹಶೀಲ್ದಾರರ ಕಚೇರಿಯ ಮೆಟ್ಟಿಲಲ್ಲಿ ಕೂತು ನೀನು ಬರೆಯುತ್ತಿದ್ದ ಮನವಿಗಳನ್ನು ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಓಡಿದವಳಲ್ಲವಾ ನಾನು? ಕೈ ತಾನಾಗಿ ಬರೆಯಿತು. ಶತಮಾನಗಳ ಅವಮಾನವನ್ನು ಶಿಸ್ತಿನ ಹೆಸರಿನಲ್ಲಿ ಮತ್ತೆ ಹೇರಲಾಗಿದೆ. ಆ ಕೋಚ್ ಈ ಕೆಲಸದಲ್ಲಿ ಮುಂದುವರಿಯಕೂಡದು. ಸಹಿ ಕೇಳಿದೆ. ಹನ್ನೆರಡು ಜನ ಹಾಕಿದರು! ನಾನು ಸೇರಿ ಹದಿಮೂರು. ಬ್ರಯನ್ ಒಬ್ಬ ಹಾಕಲಿಲ್ಲ, ತನಗೆ ಗುಡಿಸುವುದು ಇಷ್ಟ ಎಂದ, ಪೆದ್ದ. ನನಗೆ ಕಣ್ಣೀರು ಬಂತು. ಊರಿನಲ್ಲಿ ನಮ್ಮ ಮನವಿಗೆ ಮೇಲಿನವರ ಒಂದು ಸಹಿ ಸಿಗಲು ನೀನು ಎಷ್ಟು ಜಗಲಿ ಹತ್ತಿ ಇಳಿದಿದ್ದೀ.

ಡಿಲನ್ ಬೆನ್ನು ತಟ್ಟಿದ. ನಿನ್ನ ಕೇಸ್ ಭಾರೀ ಸ್ಟ್ರಾಂಗ್ ಉಂಟು ಮಾರಾಯ್ತಿ, ನಿನ್ನಿಂದ ನಾವೂ ಬಚಾವ್ ಎಂದ. ಆಗಲೇ ಎಚ್ಚರವಾಗಬೇಕಿತ್ತು. ಆಗಲಿಲ್ಲ. ಸಹಿ ಶುರುವಾಗುವ ಮೊದಲೇ ಅವನು ಮನವಿಗೆ ಒಂದು ವಾಕ್ಯ ಸೇರಿಸಿದ್ದ: ಗುಡಿಸುವುದಕ್ಕೆ ರಿಂಕಿನಲ್ಲಿ ಬೇರೆ ಕೆಲಸಗಾರರಿದ್ದಾರೆ, ಅದು ಅವರ ಕೆಲಸ, ವಿದ್ಯಾರ್ಥಿಗಳದಲ್ಲ. ನಾನು ಅದನ್ನು ಓದಿದೆ ಅಮ್ಮಾ. ಓದದೆ ಬಿಟ್ಟೆ ಎಂದು ಬರೆಯಬಹುದಿತ್ತು, ಸುಳ್ಳಾಗುತ್ತದೆ. ಓದಿ, ವಾಕ್ಯ ಉದ್ದವಾಯಿತೆಂದು ನಡುವೆ ಒಂದು ಅಲ್ಪವಿರಾಮ ಹಾಕಿ, ಕೆಳಗೆ ಮೊದಲ ಸಹಿ ಮಾಡಿದೆ.

ಗುಡಿಸುವುದು ಗುಡಿಸುವವರ ಕೆಲಸ. ಇದನ್ನು ಸುಳ್ಳು ಮಾಡಲಿಕ್ಕೇ ಅಲ್ಲವಾ ನೀನು ಲಾಠಿ ತಿಂದದ್ದು? ದುಗ್ಗುವಿನ ಮೊಮ್ಮಗಳು ಅದಕ್ಕೆ ಸಹಿ ಹಾಕಿದಳು.

ಒಂದು ವಾರದ ನಂತರ ಬೆಳಿಗ್ಗೆ ಬೇಗ ರಿಂಕಿಗೆ ಹೋದೆ. ಅಂಚು ಗುಡಿಸುತ್ತಿದ್ದವರು ಇಬ್ಬರು: ಶಬ್ನಮ್, ಮತ್ತೆ ರಿಂಕಿನ ಕೆಲಸದ ರಿಯಾಝ್. ಉಪ್ಪಿನಂಗಡಿಯ ಬ್ಯಾರಿ, ನಲವತ್ತು ದಾಟಿದ ಮನುಷ್ಯ. ಅವನಿಗೆ ಕನ್ನಡ ಬರುತ್ತದೆ ಎಂಬುದೇ ಎರಡು ವರ್ಷದಿಂದ ನನಗೆ ಗೊತ್ತಿರಲಿಲ್ಲ. ಅವನಿಗೆ ಮಾತ್ರ ನನ್ನ ಕನ್ನಡ ಗೊತ್ತಿತ್ತು. ನಾನು ಫೋನಿನಲ್ಲಿ ನಿನ್ನ ಹತ್ತಿರ ಜಗಳಾಡುವುದನ್ನು ಕೇಳಿದ್ದನಂತೆ.

ಕಾಗದ ಬರೆದದ್ದು ನೀವಾ ಎಂದು ಕೇಳಿದ. ಹೌದು ಎಂದೆ, ಸ್ವಲ್ಪ ಎದೆ ಉಬ್ಬಿಸಿಯೇ. ಅವನು ಹಿಡಿಸೂಡಿಗೆ ಒರಗಿ ನಿಂತು ಹೇಳಿದ: "ಒಳ್ಳೇದಾಯ್ತು ತಂಗಿ. ಕಾಗದ ನಮ್ಮ ಸೂಪರ್‌ವೈಸರಿನ ಹತ್ರ ಬಂತು. ಮಕ್ಕಳು ಗುಡಿಸಬೇಕಾಗಿ ಬಂತು ಅಂದ್ರೆ ನೀನು ಸರಿ ಗುಡಿಸ್ಲಿಲ್ಲ ಅಂತ ಅರ್ಥ ಅಂದ್ರು. ಐದೂವರೆಗೆ ಬರ್ತಿದ್ದೆ, ಈಗ ನಾಲ್ಕೂವರೆಗೆ. ಓವರ್‌ಟೈಮ್ ಗೀವರ್‌ಟೈಮ್ ಎಲ್ಲ ಮಾಫಿ, ಏನೂ ಇಲ್ಲ."

ಕೋಪವಿರಲಿಲ್ಲ ಅವನಲ್ಲಿ. ಕೋಪವಿದ್ದಿದ್ದರೆ ನಾನು ಜಗಳವಾಡಿ ಬದುಕಿಕೊಳ್ಳುತ್ತಿದ್ದೆ.

ಮರುದಿನ ವಿದ್ಯಾರ್ಥಿ ವಿಭಾಗದ ಜೋಆನ್ ಮೇಡಂ ನನ್ನನ್ನೂ ಶಬ್ನಮ್‌ಳನ್ನೂ ಕರೆಸಿದರು. ದೂರು ನಿಜ ಎಂದು ನಾನು ಇನ್ನೊಮ್ಮೆ ಸಹಿ ಹಾಕಿದರೆ ಅವಳ ಕೆಲಸ ಅಂದಿಗೇ ಮುಗಿಯುತ್ತಿತ್ತು. ಕೆಲಸ ಮುಗಿದರೆ ವೀಸಾ ಮುಗಿದಂತೆ. ಅವಳು ಮಡಿಲಲ್ಲಿ ಕೈ ಇಟ್ಟು ಕೂತಿದ್ದಳು. ಆ ಕೈ ನಮ್ಮ ಅಜ್ಜಿಯ ಕೈಯ ಹಾಗೆಯೇ ಇತ್ತು ಎಂದು ಬರೆದರೆ ಚೆಂದ ಕಾಣುತ್ತಿತ್ತು. ಹಾಗೇನೂ ಇರಲಿಲ್ಲ. ಆಟಗಾರ್ತಿಯ ಕೈ, ಅಷ್ಟೆ. ಅವಳ ಮೇಲೆ ನನಗೆ ಆಗಲೂ ಸಿಟ್ಟಿತ್ತು.

ಒಂದು ವಾಕ್ಯ ತೆಗೆಯಬೇಕು ಎಂದೆ. ವಾಕ್ಯ ತೆಗೆಯಲು ಬರುವುದಿಲ್ಲ ಡಿಯರ್, ಇಡೀ ದೂರು ಇರಬೇಕು, ಇಲ್ಲವೇ ಇಡೀ ದೂರು ಹಿಂದಕ್ಕೆ ಎಂದರು ಜೋಆನ್ ಮೇಡಂ. ಹಿಂದಕ್ಕೆ ತೆಗೆದುಕೊಂಡೆ. ಮನವಿ ಕೊಟ್ಟ ಮೇಲೆ ಹಿಂದೆ ಸರಿದವರನ್ನು ನೀನು ಏನೆಂದು ಕರೆಯುತ್ತಿದ್ದೆ ಎಂಬುದು ನನಗೆ ಗೊತ್ತು. ಈ ಸಲ ನನ್ನನ್ನೇ ಕರೆ.

ಕೋಚ್ ಉಳಿದಳು. ಆದರೂ ಗೆದ್ದದ್ದು ಆ ಹನ್ನೆರಡು ಜನ: ವಿದ್ಯಾರ್ಥಿಗಳಿಂದ ಗುಡಿಸುವ ಕೆಲಸ ಮಾಡಿಸಕೂಡದು ಎಂದು ಕಾಲೇಜು ಆದೇಶ ಹೊರಡಿಸಿತು.

ಹೊರಗೆ ಬಂದು ಮೆಟ್ರೋವರೆಗೆ ಇಬ್ಬರೂ ಜೊತೆಗೆ ನಡೆದೆವು. ಆಗ ಅವಳಿಗೆ ನಿಧಾನವಾಗಿ ಎಲ್ಲ ಹೇಳಿದೆ. ಅಜ್ಜಿ, ಪೇಟೆ, ದೂರದಿಂದ ಲೋಟಕ್ಕೆ ಸುರಿಯುತ್ತಿದ್ದ ಚಹಾ, ಒಲೆಗೆ ಹೋದ ಹಿಡಿಸೂಡಿ. ಮೆಟ್ರೋ ಬಾಗಿಲ ಹತ್ತಿರ ಬಂದಾಗ ಅವಳು ಹೇಳಿದಳು: ನಮ್ಮ ಕಡೆಯೂ ಮದುವೆಗಳಲ್ಲಿ ಡೋಲು ಬಡಿಯುವ ಮನೆಗಳಿವೆ. ಆ ಮನೆಯ ಇಬ್ಬರು ಹುಡುಗಿಯರು ನಮ್ಮ ಜೊತೆ ಕೆರೆ ಗುಡಿಸುತ್ತಿದ್ದರು. ಗುಡಿಸಿ ಮನೆಗೆ ಹೋಗುತ್ತಿದ್ದರು. ಅವರಿಗೆ ಆಟ ಇಷ್ಟವಿಲ್ಲ ಎಂದುಕೊಂಡಿದ್ದೆ. ಈ ಕ್ಷಣದವರೆಗೂ ಹಾಗೇ ಎಂದುಕೊಂಡಿದ್ದೆ.

ಕ್ಷಮೆ ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ರೂಲು ತೆಗೆದದ್ದು ಕಾಲೇಜು, ನಾನಲ್ಲ, ಶುಕ್ರವಾರ ಗೋಲಿನಲ್ಲಿ ನಿಲ್ಲು ಎಂದಳು.

ಏಳನೇ ತಾರೀಕು ಶುಕ್ರವಾರ ನಿಂತೆ. ಅಪ್ಪ ಅಲ್ ಖೋರಿನಿಂದ ನೋಡಲು ಬಂದಿದ್ದ. ಹದಿನಾರು ವರ್ಷ ಕತಾರಿನ ಬಿಸಿಲಲ್ಲಿ ಕಂಪನಿ ಬಸ್ಸು ಓಡಿಸಿದ ಬೋಜಣ್ಣ ಯಾರದೋ ಜಾಕೆಟ್ ಹಾಕಿಕೊಂಡು ಗಡಗಡ ನಡುಗಿ, ಮಗಾ, ಚೆಂಡು ಎಲ್ಲಿದೆ ಎಂದೇ ಕಾಣಲಿಲ್ಲವಲ್ಲ ಎಂದ. ಎದುರು ಎಣ್ಣೆ ಕಂಪನಿಯ ಎಂಜಿನಿಯರುಗಳ ತಂಡ. ನಾಲ್ಕು, ಎರಡು. ಸೋತೆವು. ಆದರೆ ಒಂದೇ ಪಂದ್ಯದಲ್ಲಿ ನಾವು ಎರಡು ಗೋಲು ಹೊಡೆದದ್ದು ಇದೇ ಮೊದಲು. ಎರಡನ್ನೂ ಹೊಡೆದದ್ದು ಆ ಪೆದ್ದ ಬ್ರಯನ್. ಬಾಗಿಲ ಕಡೆಯ ಮೂಲೆಯಲ್ಲಿ ಮಾಲಿನ ಬಿಸಿ ಗಾಳಿ ತಾಗಿ ಐಸು ಮೆತ್ತಗಾಗುತ್ತದೆ, ಬಿಲ್ಲೆ ಅಲ್ಲಿ ನಿಧಾನವಾಗುತ್ತದೆ, ಗುಡಿಸುವಾಗ ಗೊತ್ತಾಯಿತು ಎಂದ. ಶಬ್ನಮ್ ಅದನ್ನೇ ಕಲಿಸಲು ಹೊರಟಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಗೋಲಲ್ಲ. ಪಂದ್ಯಕ್ಕೆ ಮೊದಲು ನನ್ನ ಗೋಲಿನ ಎದುರು ರಿಯಾಝ್ ಮತ್ತು ಶಬ್ನಮ್ ಬಗ್ಗಿ ಗುಡಿಸುತ್ತಿದ್ದರು. ನಾನು ಹೆಲ್ಮೆಟ್ಟು, ಪ್ಯಾಡು ತೊಟ್ಟು, ಗುಡಿಸಿ ಮುಗಿಯಲಿ ಎಂದು ಕಾದು ನಿಂತಿದ್ದೆ. ಪೇಟೆಯ ಅಂಗಡಿಯವರು ಬಾಗಿಲಲ್ಲಿ ನಿಂತು ಅಜ್ಜಿಯನ್ನು ಹೀಗೇ ನೋಡುತ್ತಿದ್ದರು.

ಹಿಡಿಸೂಡಿಯನ್ನು ನಮ್ಮ ಕೈಗೆ ಮಾತ್ರ ಕೊಟ್ಟದ್ದು ಜಾತಿ. ಹದಿನಾಲ್ಕು ಕೈಗೂ ಕೊಟ್ಟರೆ ಅದು ಜಾತಿಯಲ್ಲ, ಒಪ್ಪುತ್ತೇನೆ. ಆದರೆ ಡಿಲನ್ ಹಿಡಿದರೆ ಅದು ತಮಾಷೆ. ನಾನು ಹಿಡಿದರೆ ಮೂವತ್ತೊಂದು ವರ್ಷ. ಹಾಗೆಂದು ನಾನು ಹಿಡಿಯದೆ ನಿಂತರೆ ಅದು ಒಲೆಗೆ ಹೋಗುವುದಿಲ್ಲ, ಇನ್ನೊಬ್ಬನ ಕೈಗೆ ಹೋಗುತ್ತದೆ. ಇದಕ್ಕೆ ನಿಮ್ಮ ಸಂಘಟನೆಯಲ್ಲಿ ಉತ್ತರವಿದ್ದರೆ ಬರೆದು ಕಳಿಸು. ಘೋಷಣೆ ಬೇಡ. ಉತ್ತರ ಬೇಕು.

ಶಬ್ನಮ್ ಕೊಟ್ಟ ಹಿಡಿಸೂಡಿಯನ್ನು ನಾನು ಮುಟ್ಟಲಿಲ್ಲ. ಇದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳು. ಆ ವಾಕ್ಯಕ್ಕೆ ಸಹಿ ಹಾಕಿದ್ದನ್ನೂ ಓದಿ ಹೇಳು. ಬೈದರೆ ಬೈಯಲಿ. ಊಟ ಆಗಿದೆ ಎಂದೂ ಹೇಳು.

ಹಟದಲ್ಲಿ ನಿನ್ನ ಮಗಳು, ಲೆಕ್ಕ ತಪ್ಪುವುದರಲ್ಲಿ ಅಪ್ಪನ ಮಗಳು,
ಅಶ್ವಿತಾ

ತಾ.ಕ.: ಅಮ್ಮಾ, ಅಜ್ಜಿಗೆ ಓದುವುದನ್ನು ಮೇಲೆ ನನ್ನ ಹೆಸರಿಗೇ ನಿಲ್ಲಿಸು, ಇದನ್ನು ಓದಬೇಡ. ದೂರು ಹಿಂದೆ ಬಂದರೂ ರಿಯಾಝ್‌ನ ಆ ಒಂದು ಗಂಟೆ ಹಿಂದೆ ಬರಲಿಲ್ಲ. ಅವನ ಪರವಾಗಿ ಇನ್ನೊಂದು ಮನವಿ ಬರೆಯುತ್ತೇನೆ ಎಂದೆ. ಅವನು ಎರಡೂ ಕೈ ಎತ್ತಿ ಮುಗಿದ: "ಬೇಡ ತಂಗಿ, ಒಂದು ಕಾಗದಕ್ಕೆ ಒಂದು ಗಂಟೆ ಹೋಯ್ತು. ಇನ್ನೊಂದು ಬರೆದ್ರೆ ಊರಿಗೆ ಟಿಕೆಟ್." ಹಾಗಾಗಿ ಭಾನುವಾರದಿಂದ ಬೆಳಿಗ್ಗೆ ನಾಲ್ಕೂವರೆಗೆ ನಾನೂ ಹೋಗುತ್ತಿದ್ದೇನೆ. ಗೋಲಿನ ಎದುರಿನದು ಮತ್ತು ಎಡಗಡೆಯ ಅಂಚು ನನ್ನದು. ಶಬ್ನಮ್ ಬರುವ ಮೊದಲೇ ಮುಗಿಸಿ ಹೊರಡುತ್ತೇನೆ, ಅವಳಿಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಆರು ದಿನಕ್ಕೇ ಸೊಂಟ ಹಿಡಿದುಕೊಂಡಿದೆ. ಯಾಕೆಂದು ಹೇಳದೆ, ಹಳೆಯ ಸುದ್ದಿ ಮಾತಾಡುವ ಹಾಗೆ ಅಜ್ಜಿಯನ್ನು ಕೇಳಿ ನೋಡು: ಗುಡಿಸುವಾಗ ಮೈಯ ಭಾರವನ್ನು ಯಾವ ಕಾಲಿನ ಮೇಲೆ ಇಟ್ಟುಕೊಳ್ಳುತ್ತಿದ್ದಳು?