ತೂಕ ಬರೆಯದ ತೆಂಗಿನಕಾಯಿ

ಐವರ್ನಾಡು
೧೪ ಡಿಸೆಂಬರ್ ೨೦೨೫

ಪ್ರೀತಿಯ ಸುಹರಾ ಟೀಚರಿಗೆ, ಭವಿತನ ಅಮ್ಮ ಕುಮುದಿನಿಯ ನಮಸ್ಕಾರಗಳು.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀವು ನಗಬಹುದು. ಫೋನಿನಲ್ಲಿ ನಿಮಗೆ ಉಪಕಾರ ಸ್ಮರಣೆ ಮಾಡಲು ಹೊರಟು ಸೋತಿದ್ದೇನೆ. ನಾನು ಶುರು ಮಾಡುವ ಮೊದಲೇ ಅದೆಂತ ದೊಡ್ಡ ವಿಷಯ ಮಾರಾಯ್ರೆ ಎಂದು ನೀವೀಗ ಇರುವ ಕಡಬದ ಬಸ್ಸು, ಅಲ್ಲಿಯ ಹೊಸ ಶಾಲೆಯ ಮಕ್ಕಳು, ಮೀನಿನ ರೇಟು ಎಂದು ಮಾತು ತಿರುಗಿಸುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ಕಳೆದ ಮಾರ್ಚಿನಲ್ಲಿ ಶಾಲೆಯವರು ನನ್ನನ್ನು ಕರೆಸಿ, ಭವಿತನಿಗೆ ಗಣಿತ ಏನೂ ಬರುವುದಿಲ್ಲ, ಇನ್ನೊಂದು ವರ್ಷ ನಾಲ್ಕನೆಯಲ್ಲೇ ಕೂರಲಿ ಎಂದಾಗ ನಾನು ಎದುರಾಡಲಿಲ್ಲ. ಹತ್ತನೆಯಲ್ಲಿ ಗಣಿತವೊಂದರಲ್ಲೇ ಫೇಲಾಗಿ ಮನೆಯಲ್ಲಿ ಕೂತವಳು ಯಾವ ಬಾಯಲ್ಲಿ ಮಾತಾಡುವುದು? ಮನೆಗೆ ಬಂದು ಹೇಳಿದರೆ ಮಾವ, ಲೆಕ್ಕ ಕಂಡರೆ ಅಮ್ಮನಿಗೂ ಜ್ವರ, ಮಗನಿಗೂ ಜ್ವರ ಎಂದು ನಕ್ಕರು. ತಮಾಷೆಗೇ ಅಂದದ್ದು. ಆದರೂ ಆ ದಿನ ನನಗೆ ಊಟ ಸೇರಲಿಲ್ಲ. ನನ್ನ ದಡ್ಡತನ ಮಗುವಿಗೂ ಬಂತಲ್ಲ ಎಂದು ಅತ್ತಿದ್ದೇನೆ.

ಮರುದಿನ ಒಪ್ಪಿಗೆಯ ಸಹಿ ಹಾಕಲು ಬಂದವಳನ್ನು ನೀವು ಒಳಗೆ ಕರೆದಿರಿ. ತರಗತಿಯ ಎಲ್ಲರ ಉತ್ತರಪತ್ರಿಕೆಗಳನ್ನೂ ಬೆಂಚಿನ ಮೇಲೆ ಹರಡಿಕೊಂಡಿದ್ದಿರಿ. ಯಾವ ಮಗು ಎಷ್ಟು ತೆಗೆದಿದೆ ಎಂದಲ್ಲ, ಯಾವ ಪ್ರಶ್ನೆಯಲ್ಲಿ ಯಾರೆಲ್ಲ ಎಡವಿದ್ದಾರೆ ಎಂದು ನೋಡುತ್ತಿದ್ದಿರಿ. ಪ್ರಶ್ನೆಪತ್ರಿಕೆ ಎಲ್ಲಿಂದಲೋ ಅಚ್ಚಾಗಿ ಬಂದದ್ದು. ಒಬ್ಬ ವ್ಯಾಪಾರಿ ರೈತನಿಂದ ತೆಂಗಿನಕಾಯಿ ಕೊಂಡ, ಒಂದಕ್ಕೆ ಇಷ್ಟು ಬೆಲೆ ಎಂಬ ನಾಲ್ಕು ಸಾಲು. ಅರ್ಧ ಪತ್ರಿಕೆ ಅದರ ಮೇಲೆಯೇ ನಿಂತಿತ್ತು. ನಮ್ಮ ಭವಿತ ಕೆಳಗೆ ‘ತೂಕ ಬರೆದಿಲ್ಲ’ ಎಂದು ಬರೆದು ಉಳಿದದ್ದನ್ನು ಖಾಲಿ ಬಿಟ್ಟಿದ್ದ.

ನಮ್ಮಲ್ಲಿ ಸುಲಿದ ಕಾಯಿ ಮಾರುವುದು ಕಿಲೋ ಲೆಕ್ಕದಲ್ಲಿ. ಕಾಯಿ ವ್ಯಾಪಾರದ ಮೂಸಕುಂಞಿಯವರು ಪಿಕಪ್ ತಂದು ಅಂಗಳದಲ್ಲಿ ತೂಕದ ಮಿಷಿನ್ ಇಟ್ಟರೆ ನಂಬರು ಓದಿ ಹೇಳುವ ಕೆಲಸ ಭವಿತನದು. ಕಾಯಿಯನ್ನು ಎಣಿಸಿ ಮಾರಿದ್ದನ್ನು ಅವನು ಕಂಡೇ ಇಲ್ಲ. ಕಾಯಿ ಮಾರುವ ಮನೆಯ ಮಕ್ಕಳೆಲ್ಲ ಆ ಪ್ರಶ್ನೆಗಳಲ್ಲೇ ತಡವರಿಸಿದ್ದರು. ಪೇಟೆಯ ಮಕ್ಕಳು ಹಿಂದೆಮುಂದೆ ನೋಡದೆ ಗುಣಿಸಿ ಮುಂದೆ ಹೋಗಿದ್ದರು. ಜಾಲ್ಸೂರಿನ ತೆಂಗಿನ ತೋಟದ ನಡುವೆಯೇ ಬೆಳೆದ ನಿಮಗೆ ಅದು ಕೂಡಲೇ ಅರ್ಥವಾಯಿತು.

ಮುಖ್ಯೋಪಾಧ್ಯಾಯರಿಗೆ ನೀವು ಹೇಳಿದ ಮಾತು ನನಗೆ ಇನ್ನೂ ಬಾಯಿಪಾಠ: ಸರ್, ಗುಣಾಕಾರ ಬರ್ತದಾ ಇಲ್ವಾ ಅಂತ ಈ ಪತ್ರಿಕೆಯಿಂದ ಗೊತ್ತಾಗುದಿಲ್ಲ, ಇದನ್ನು ನಂಬಿ ಮಗುವಿನ ಒಂದು ವರ್ಷ ಹಾಳು ಮಾಡುದು ಬೇಡ. ಎಲ್ಲರಿಗೂ ಒಂದೇ ಪತ್ರಿಕೆ ಅಲ್ವಾ ಎಂದು ಅವರು ಮುಖ ಗಂಟಿಕ್ಕಿದರು. ನಿಮ್ಮದು ಆಗ ಕಾಯಂ ಕೆಲಸವೂ ಅಲ್ಲ. ಆದರೂ ನೀವು ಜಾಗ ಬಿಟ್ಟು ಕದಲಲಿಲ್ಲ.

ನಿಜ ಹೇಳುತ್ತೇನೆ, ಆಮೇಲೆ ನನಗೆ ನಿಮ್ಮ ಮೇಲೆಯೇ ಸಿಟ್ಟು ಬಂತು. ಆ ಪ್ರಶ್ನೆಗಳಿಗೆ ಮಾರ್ಕು ಕೊಟ್ಟರೆ ಮುಗಿಯಿತಲ್ಲ! ನೀವು ಕೊಡಲಿಲ್ಲ. ಅವೇ ಲೆಕ್ಕಗಳನ್ನು ಬಸ್ಸಿನ ಸೀಟು, ಮೊಟ್ಟೆಯ ಟ್ರೇ, ಮಾಡಿನ ಹಂಚು ಎಂದು ಬದಲಿಸಿ ಎಲ್ಲ ಮಕ್ಕಳಿಗೂ ಮತ್ತೆ ಬರೆಸಿದಿರಿ. ಭವಿತನ ಗುಣಾಕಾರ ಪೂರ್ತಿ ಸರಿ ಬಂತು. ಭಾಗಾಕಾರದಲ್ಲಿ ಮಾತ್ರ ಉತ್ತರದ ನಡುವಿನ ಸೊನ್ನೆಯನ್ನು ಪ್ರತಿ ಸಲವೂ ನುಂಗಿದ್ದ. ಇದು ಇವನಿಗೆ ನಿಜವಾಗಿ ಬರುದಿಲ್ಲ, ಇದನ್ನು ಕಲಿಸುವ ಎಂದಿರಿ. ಏಪ್ರಿಲ್ ರಜೆಯಿಡೀ ನಿಮ್ಮ ಮನೆಯಲ್ಲಿ ಕೂರಿಸಿ ಕಲಿಸಿದಿರಿ. ತೆಗೆದುಕೊಂಡದ್ದು ನನ್ನ ಹಲಸಿನ ಹಪ್ಪಳ ಮಾತ್ರ, ಅದಕ್ಕೂ ಜಗಳ ಮಾಡಬೇಕಾಯಿತು.

ಈಗ ಅವನು ಐದನೆಯಲ್ಲಿ ಇದ್ದಾನೆ. ಮೊದಲ ರ‍್ಯಾಂಕೇನೂ ಇಲ್ಲ, ನಡುವಿನಲ್ಲಿದ್ದಾನೆ. ಆದರೆ ಗಣಿತದ ದಿನ ಹೊಟ್ಟೆನೋವು ಎನ್ನುವುದು ನಿಂತಿದೆ.

ನಿಮ್ಮ ಮಗ ಬುದ್ಧಿವಂತ ಎಂದಿದ್ದರೆ ಆ ದಿನ ಖುಷಿಪಡುತ್ತಿದ್ದೆ, ಮರುದಿನ ನಂಬುತ್ತಿರಲಿಲ್ಲ. ಇಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ ಎಂದು ಹುಡುಕಿ ಹೇಳಿದಿರಿ. ನನ್ನ ಕಾಲದಲ್ಲಿ ನನಗೆ ಯಾರೂ ಅದನ್ನು ಹೇಳಲಿಲ್ಲ. ಬರೀ ಫೇಲ್ ಎಂದರು. ನಾನೂ ಅದನ್ನೇ ನನ್ನ ಹೆಸರಿನ ಹಾಗೆ ಇಟ್ಟುಕೊಂಡೆ. ಟೀಚರೇ, ನೀವು ಮಾಡಿದ ಉಪಕಾರ ಎಷ್ಟು ದೊಡ್ಡದು ಎಂದು ನಿಮಗೆ ಗೊತ್ತಿಲ್ಲ.

ಒಂದು ಸಣ್ಣ ಬೇಡಿಕೆ ಉಂಟು. ನಮ್ಮ ಪರಿಚಯದ ಒಬ್ಬರು ಹತ್ತನೆಯ ಗಣಿತ ಪರೀಕ್ಷೆಯನ್ನು ಮತ್ತೆ ಬರೆಯಬೇಕೆಂದಿದ್ದಾರೆ. ಅವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯುವಂಥ ಒಂದು ಪತ್ರಿಕೆ ನೀವೇ ಮಾಡಿ ಕಳುಹಿಸುತ್ತೀರಾ? ಸ್ವಲ್ಪ ವಯಸ್ಸಾದವರು, ನಾಚಿಕೆ ಜಾಸ್ತಿ. ಹೆಸರು ಕೇಳಬೇಡಿ.

ಮನೆಯವರನ್ನೆಲ್ಲ ಕೇಳಿದ್ದೇನೆಂದು ಹೇಳಿ. ಜಾಲ್ಸೂರಿಗೆ ಬಂದಾಗ ಇಲ್ಲಿಗೂ ಬಂದು ಹೋಗಿ, ಹಪ್ಪಳ ಕಟ್ಟಿಟ್ಟಿದ್ದೇನೆ.

ಎಂದೆಂದೂ ನಿಮ್ಮನ್ನು ನೆನೆಯುವ
ಕುಮುದಿನಿ

ಮರೆತ ಮಾತು: ಮೊನ್ನೆ ಪರೀಕ್ಷೆಯ ಅರ್ಜಿಗೆ ಫೋಟೋ ತೆಗೆಸಲು ಸುಳ್ಯಕ್ಕೆ ಹೋದೆವು. ಸ್ಟುಡಿಯೋದವರು ಭವಿತನ ಕೂದಲು ಬಾಚಿ, ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಲೈಟು ಹಾಕಿದರು. ಪರೀಕ್ಷೆ ನನಗಲ್ಲ, ಅಮ್ಮನಿಗೆ ಎಂದು ಅವನು ಎದ್ದು, ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟ.