ಮೂಗಿನ ಮಟ್ಟದ ಅಳತೆ

ಬೋರಿವಲಿ ಪೂರ್ವ
೧೪ ಮಾರ್ಚ್ ೧೯೮೯

ವನಮಾಲಾ ಬಾಯಿಯವರಿಗೆ ಹಾಲವ್ವನ ನಮಸ್ಕಾರಗಳು.

ಅಕ್ಷರ ಸೊಟ್ಟಗಿವೆ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಿ. ಮುನಸಿಪಾಲ್ಟಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ ಮೇಲೆ ನಾನು ಬರೆದದ್ದು ಅಂಗಡಿಯ ಚೀಟಿ ಮಾತ್ರ. ನಿಮ್ಮ ಎದುರು ನಿಂತರೆ ನನಗೆ ಬಾಯಿ ಏಳುವುದಿಲ್ಲ, ನಿಮಗೇ ಗೊತ್ತು. ಅದಕ್ಕೇ ಮಾಟುಂಗದ ನಿಮ್ಮ ಮನೆಗೆ ಬರದೆ ಕಾಗದ ಬರೆಯುತ್ತಿದ್ದೇನೆ.

ಗುಡ್ಡದ ಇಳಿಜಾರನ್ನು ಕಲ್ಲುಗಣಿಗೆ ಕೊಡಬೇಕೋ ಬೇಡವೋ ಎಂದು ಫೋರ್ಟಿನ ಆಫೀಸಿನಲ್ಲಿ ವಿಚಾರಣೆ ನಡೆದ ದಿನ, ನಿಮ್ಮ ಚೀಲ ಹಿಡಿದು ನಾನು ಹಿಂದೆ ಕೂತಿದ್ದೆ. ಗಣಿಯವರ ವಕೀಲ ಮರಗಳ ಸುತ್ತಳತೆ ಬರೆದ ನಿಮ್ಮದೇ ರಿಜಿಸ್ಟರನ್ನು ಓದಿದ. ಅವನ ಇಂಗ್ಲಿಷು ನನಗೆ ತಿಳಿಯಲಿಲ್ಲ. ನಾಲ್ಕು ವರ್ಷದಿಂದ ಮರಗಳು ದಪ್ಪವಾಗಿಲ್ಲ, ಸಾಯುವ ಕಾಡಿಗೆ ಕಾವಲೇಕೆ ಎಂದು ಅವನು ಕೇಳಿದ್ದನ್ನು ಆಮೇಲೆ ಲೋಕಲ್ ರೈಲಿನಲ್ಲಿ ನೀವೇ ಹೇಳಿದಿರಿ. ಮಾಟುಂಗ ರೋಡಿನಲ್ಲಿ ಇಳಿಯುವಾಗ, “ಅಂಕಿ ಹೇಳಿದ್ದನ್ನ ನಾನು ಇಲ್ಲ ಅನ್ನಲಾರೆ ಹಾಲವ್ವ. ಮುಂದಿನ ಸಲ ನಾನು ಹೋಗೋದಿಲ್ಲ” ಎಂದಿರಿ.

ಬಾಯಿಯವರೇ, ಅಂಕಿ ಸುಳ್ಳು. ಆ ಸುಳ್ಳು ನನ್ನದು.

ನಾನು ಮರ ಅಳೆಯಲು ಬಂದ ಮೊದಲ ವರ್ಷ ನೀವು ನನಗೊಂದು ನಾಲ್ಕೂವರೆ ಅಡಿಯ ಕೋಲು ಕೊಟ್ಟಿದ್ದಿರಿ. ನೆಲಕ್ಕೆ ಊರಿದರೆ ಅದರ ತುದಿ ಮರದಲ್ಲಿ ಎಲ್ಲಿಗೆ ಬರುತ್ತದೋ ಅಲ್ಲಿಯೇ ಟೇಪು ಸುತ್ತಬೇಕು ಎಂದಿದ್ದಿರಿ. ಎರಡನೆಯ ವರ್ಷ ಹಳ್ಳದ ಹತ್ತಿರ ಇಟ್ಟ ಕೋಲನ್ನು ಯಾರೋ ಸೌದೆಗೆ ಒಯ್ದರು. ಹೇಳಲು ಹೆದರಿದೆ. ಆ ಕೋಲು ಸರಿಯಾಗಿ ನನ್ನ ಮೂಗಿನ ತುದಿಗೆ ಬರುತ್ತಿತ್ತು. ಮರಕ್ಕೆ ಒತ್ತಿ ನಿಂತು, ಮೂಗು ತಾಗಿದಲ್ಲಿ ಟೇಪು ಸುತ್ತಿದೆ. ಪ್ರತಿ ವರ್ಷವೂ ಹಾಗೆಯೇ ಮಾಡಿದೆ. ಮೊದಲು ನನಗೆ ಹದಿನಾಲ್ಕು, ಈಗ ಹತ್ತೊಂಬತ್ತು. ನಾನು ಬೆಳೆದಂತೆ ಟೇಪು ಮೇಲೇರಿತು, ಮೇಲೆ ಹೋದಷ್ಟೂ ಕಾಂಡ ಸಣ್ಣ. ಮಂಡಿನೋವೆಂದು ನೀವು ಬಂಡೆಯ ಮೇಲೆ ಕೂತು, ನಾನು ಕೂಗಿದ್ದನ್ನು ಬರೆದುಕೊಂಡಿರಿ. ಕೋಲೆಲ್ಲಿ ಎಂದು ಒಂದು ಸಲವೂ ಕೇಳಲಿಲ್ಲ. ಹೇಳಬೇಕಾದವಳು ನಾನು, ಅದೂ ನಿಜ.

ವಿಚಾರಣೆಯ ಮರುದಿನವೇ ಟೇಪು ಹಿಡಿದು ಅದೇ ಉದ್ದದ ಕೋಲು ಕಡಿದುಕೊಂಡು ಗುಡ್ಡ ಹತ್ತಿದೆ. ಮೂರನೆಯ ದಿನ ಗಣಿಯ ಮೇಸ್ತ್ರಿ ಅಣವೀರಪ್ಪ ದಾರಿಗೆ ಅಡ್ಡ ನಿಂತ. ನಮ್ಮ ಅಪ್ಪ ಅವನ ಕೈಕೆಳಗೇ ಕಲ್ಲು ಒಡೆಯುವವನಲ್ಲವೇ. ಅಪ್ಪನೂ ಅಲ್ಲೇ ಇದ್ದ.

“ಗಿಡಾ ಅಪ್ಪಿಕೊಂಡ್ರ ಹೊಟ್ಟಿ ತುಂಬತೈತೇನವ್ವ? ನಾಳಿಂದ ನಿಮ್ಮಪ್ಪಗ ಕಾಯಂ ಸೂಟಿ ಕೊಡ್ಲೇನು?”

“ನಾಳಿಂದ ಯಾಕ್ರಿ, ಇವತ್ತೇ ಕೊಡ್ರಿ” ಎಂದುಬಿಟ್ಟೆ.

ಕೊಟ್ಟೇಬಿಟ್ಟ. ಮರುದಿನ ಅಪ್ಪ ತಾನಾಗಿಯೇ ಬಂದು ಕೋಲು ಹಿಡಿದ. ಓರೆ ಹಿಡಿದರೆ ಬೈದೆ, ಬೈಸಿಕೊಂಡ.

ಒಂಬತ್ತು ದಿನದಲ್ಲಿ ನಾನೂರ ಹನ್ನೆರಡು ಮರಗಳನ್ನೂ ಅಳೆದೆವು. ಹತ್ತೊಂಬತ್ತು ಒಣಗಿವೆ, ಮುಚ್ಚಿಟ್ಟಿಲ್ಲ. ಉಳಿದವೆಲ್ಲ ದಪ್ಪವಾಗಿವೆ. ಗಣಿಯ ಧೂಳು ಬೀಳುವ ಕಡೆ ಕಡಿಮೆ, ಆದರೂ ಆಗಿವೆ. ನೂರ ಹದಿನೇಳನೆಯ ಮತ್ತಿಮರ ಮೊದಲ ವರ್ಷಕ್ಕಿಂತ ಮೂರು ಬೆರಳು ಹೆಚ್ಚು ಬಂತು. ಆ ಮೊದಲ ವರ್ಷದ ಅಳತೆ ಕೋಲಿನದು, ಅದನ್ನು ನಂಬಿ.

ಇದು ಹೊರಬಿದ್ದರೆ ಅವರು ನಿಮ್ಮನ್ನು ನೋಡಿ ನಗುತ್ತಾರೆ. ಹದಿನಾರು ವರ್ಷ ಈ ಕಾಡಿನ ಹಿಂದೆ ಬಿದ್ದ ವಿಜ್ಞಾನಿ ಯಾವಳೋ ಒಬ್ಬ ಹುಡುಗಿಯ ಮೂಗು ನಂಬಿ ಪುಸ್ತಕ ಬರೆದಳು ಎನ್ನುತ್ತಾರೆ. ನಗಲಿ. ಬೋಳಾಗಿದ್ದ ಆಚೆ ಗುಡ್ಡಕ್ಕೆ ನೀಲಗಿರಿ ಬೇಡ, ಇಲ್ಲಿಯ ಬೀಜವನ್ನೇ ಚೆಲ್ಲಿ, ದನ ಬಿಡಬೇಡಿ ಎಂದು ನೀವು ಹೇಳಿದಾಗಲೂ ನಕ್ಕಿದ್ದರು. ಈಗ ಅದರ ಕೆಳಗಿನ ಆದಿವಾಸಿ ಕೇರಿಯ ಹೆಂಗಸರು ಏಪ್ರಿಲಿನಲ್ಲೂ ಹಳ್ಳದಿಂದ ನೀರು ಹೊರುತ್ತಾರೆ. ನಗು ನಿಮಗೆ ಹೊಸದಲ್ಲ. ನೀವು ಮನೆಯಲ್ಲಿ ಕೂತರೆ ನಮ್ಮಪ್ಪ ಕೆಲಸ ಕಳೆದುಕೊಂಡದ್ದು ಸುಮ್ಮನೆ ಆಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಪುಸ್ತಕದ ಕೊನೆಯಲ್ಲಿ ನನ್ನನ್ನು ‘ಒಬ್ಬ ಕೂಲಿ’ ಎಂದು ಬರೆದಿದ್ದೀರಿ, ನಮ್ಮ ಶಾಲೆಯ ಸುಮಿತ್ರಾ ಅಕ್ಕಾವರು ಓದಿ ಹೇಳಿದ್ದರು. ಈ ಸಲ ಹೆಸರು ಹಾಕಿ. ತಪ್ಪಿನ ಕೆಳಗೂ ಹಾಕಿ, ಹೊಸ ಅಳತೆಯ ಕೆಳಗೂ ಹಾಕಿ.

ಇಪ್ಪತ್ತೆರಡನೆಯ ತಾರೀಕಿನ ವಿಚಾರಣೆಗೆ ಫೋರ್ಟಿಗೆ ನಾನು ಬರುತ್ತೇನೆ. ಕೋಲೂ ತರುತ್ತೇನೆ. ಸಾಹೇಬರು ಕೇಳಿದರೆ ಗೋಡೆಗೆ ಒತ್ತಿ ನಿಂತು ತೋರಿಸುತ್ತೇನೆ. ನೀವು ಬರದಿದ್ದರೂ ನಾನು ಬರುತ್ತೇನೆ.

ಇಂತಿ ನಿಮ್ಮ
ಹಾಲವ್ವ ಪರಪ್ಪ

ತಾ.ಕ.: ನಿಮ್ಮ ಅಪ್ಪಣೆ ಕೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನನ್ನ ತಪ್ಪನ್ನೂ ಹೊಸ ಅಳತೆಗಳನ್ನೂ ಬರೆದ ಇನ್ನೊಂದು ಲಕೋಟೆಯನ್ನು ವಿಚಾರಣೆಯ ಆಫೀಸಿನ ವಿಳಾಸ ಬರೆದು, ಇಂದು ಬೆಳಿಗ್ಗೆ ಸ್ಟೇಷನ್ನಿನ ಟಪಾಲು ಡಬ್ಬಿಗೆ ಹಾಕಿ ಬಂದೆ. ಆಮೇಲೆ ಕೂತು ಇದನ್ನು ಬರೆದೆ.